ಐದನೆಯ ಹುಡುಗಿ

ನನ್ನ ಮೊಮ್ಮಗಳು ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ಹೊಸಹಳ್ಳಿಯ ನಮ್ಮ ಮನೆಯಿಂದ ಕ್ಲಬ್ಬಿನ ಕೋರ್ಟಿಗೆ ಹತ್ತು ನಿಮಿಷದ ನಡಿಗೆ. ಸಂಜೆ ಅವಳನ್ನು ಕರೆದುಕೊಂಡು ಹೋಗುವುದು, ಆಟ ಮುಗಿದ ಮೇಲೆ ಕರೆದುಕೊಂಡು ಬರುವುದು ನನ್ನ ಕೆಲಸ. ಮಗ ಸೊಸೆ ಇಬ್ಬರೂ ಆ ಹೊತ್ತಿಗೆ ಇನ್ನೂ ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾರೆ. ಮೂರು ವರ್ಷದಿಂದ ಕೋರ್ಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು, ಅವರೆಕಾಯಿ ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ಆಟ ನೋಡಿದ್ದೇನೆ. ರೂಲ್ಸು ಪೂರ್ತಿ ಗೊತ್ತಿಲ್ಲ. ಆದರೆ ಯಾರು ಬಾಲನ್ನು ಇನ್ನೊಬ್ಬರಿಗೆ ಕೊಡುತ್ತಾರೆ, ಯಾರು ಕೊಡದೆ ತಾವೇ ಬುಟ್ಟಿಗೆ ಹಾಕಲು ನೋಡುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತು.

ಹೋದ ವರ್ಷ ಒಂದು ಸೋಮವಾರ ಏಳು ಹುಡುಗಿಯರು ಬರಬೇಕಾದ ಕಡೆ ನಾಲ್ವರು ಬಂದರು. ಬಾರದ ಮೂವರಲ್ಲಿ ಒಬ್ಬಳು ನನ್ನ ಮೊಮ್ಮಗಳ ಜೊತೆಗಾತಿ. ಐದನೇ ಕ್ಲಾಸಿನಿಂದ ಒಟ್ಟಿಗೆ ಆಡಿದವರು. ಆ ಹುಡುಗಿ ಉದ್ದ, ನಮ್ಮವಳು ಗಿಡ್ಡ. ನಮ್ಮವಳು ಬಾಲು ಕೊಡುವುದು, ಅವಳು ಹಾಕುವುದು, ಹಾಗೇ ನಡೆದಿತ್ತು. ಅವಳು ಬರುವುದಿಲ್ಲ ಅಂತ ನಮ್ಮವಳಿಗೆ ಒಂದು ಮಾತು ಹೇಳಿರಲಿಲ್ಲ. ಮೊಬೈಲಿನ ಸ್ಟೇಟಸ್ಸಿನಲ್ಲಿ ಫೋಟೋ ಕಂಡಿತು. ನಂದಿನಿ ಲೇಔಟ್ ಕಡೆಯ ಒಂದು ದೊಡ್ಡ ಕ್ಲಬ್ಬಿನ ಹೊಸ ಟ್ರ್ಯಾಕ್ ಸೂಟ್ ಹಾಕಿಕೊಂಡು ಹನ್ನೆರಡು ಹುಡುಗಿಯರು ಸಾಲಾಗಿ ನಿಂತಿದ್ದರು. ನಮ್ಮ ಮೂವರೂ ಅದರಲ್ಲಿದ್ದರು.

ಆ ಕ್ಲಬ್ಬಿನವರು ಮಾಡಿದ್ದು ಇಷ್ಟೆ. ಟೂರ್ನಮೆಂಟಿಗೆ ಮುಂಚೆ ನಮ್ಮ ಕಡೆಯ ಐದಾರು ಸಣ್ಣ ಕ್ಲಬ್ಬುಗಳಿಗೆ ಬಂದು ಆಟ ನೋಡಿ, ಒಂದೊಂದರಿಂದ ಇಬ್ಬರು ಮೂವರು ಒಳ್ಳೆಯ ಹುಡುಗಿಯರನ್ನು ಆರಿಸಿಕೊಂಡು ಹೋದರು. ಶೂಸು ಕೊಟ್ಟರು, ಮನೆ ಬಾಗಿಲಿಗೆ ವ್ಯಾನು ಕಳಿಸಿದರು.

ಮೊಮ್ಮಗಳು ಬೆಂಚಿನ ಹತ್ತಿರ ಬಂದು ಕುಕ್ಕರಿಸಿದಳು.

"ಇದು ಫೇರೇ ಅಲ್ಲ ಅಜ್ಜಿ. ಚೆನ್ನಾಗಿ ಆಡೋರ್‌ನೆಲ್ಲ ಒಬ್ರೇ ಗುಡ್ಡೆ ಹಾಕ್ಕೊಂಡ್ರೆ ಮಿಕ್ಕೋರು ಏನ್ ಮಾಡ್ಬೇಕು?"

"ಹಂಗೆ ಕರ್ಕೊಂಡು ಹೋಗಬಾರ್ದು ಅಂತ ರೂಲ್ಸಿದೆಯಾ?"

"ಇಲ್ಲ. ಮಾಡ್ಬೋದು."

"ನಿನ್ನನ್ನ ಕರೆದಿದ್ರೆ ಹೋಗ್ತಿರ್ಲಿಲ್ವಾ?"

ಅವಳು ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದಳು. "ಹೋಗ್ತಿದ್ದೆ ಅನ್ಸುತ್ತೆ," ಅಂದಳು. ಸುಳ್ಳು ಹೇಳಲಿಲ್ಲ ಅಂತ ನನಗೆ ಸಮಾಧಾನವಾಯಿತು.

ಅಷ್ಟರಲ್ಲಿ ಕೋಚ್ ಬಂದರು. ಒಳ್ಳೆಯ ಮನುಷ್ಯ, ಬೆಳಗ್ಗೆ ಆಫೀಸು, ಸಂಜೆ ಕೋರ್ಟು.

"ಅಮ್ಮಾ, ಮ್ಯಾಚಿಗೆ ಐದು ಜನ ಬೇಕು. ನಾಲ್ಕು ಜನ ಇದ್ರೆ ಶುರು ಮಾಡೋಕೇ ಬಿಡಲ್ಲ. ನಾವು ಈ ಟೂರ್ನಮೆಂಟಿಗೆ ಇಳೀಲಿಲ್ಲ ಅಂದ್ರೆ ನಮ್ಮ ಕ್ಲಬ್ ಕಮಿಟಿಯವರು ಹುಡುಗೀರ ಟೀಮೇ ತೆಗೆದುಬಿಡ್ತಾರೆ. ಆರರಿಂದ ಏಳರ ಟೈಮನ್ನ ಶಟಲ್ ಆಡೋ ಗಂಡಸ್ರಿಗೆ ಕೊಡ್ತೀವಿ ಅಂತ ಆಗ್ಲೇ ಹೇಳಿದಾರೆ."

"ಎಷ್ಟು ದಿನ ಟೈಮಿದೆ?"

"ಮೂರು ವಾರ."

ಆ ಶಟಲ್ ಆಡುವವರನ್ನು ನಾನು ನೋಡಿದ್ದೇನೆ. ಹತ್ತು ನಿಮಿಷ ಆಡಿ ನಲವತ್ತು ನಿಮಿಷ ರಾಜಕೀಯ ಮಾತಾಡುತ್ತಾರೆ. ಅದಕ್ಕೆ ಕೋರ್ಟು ಬೇಕಿಲ್ಲ, ಬೇಕರಿ ಮುಂದೆ ಜಾಗ ಸಾಕು.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಆ ಮೂರು ಹುಡುಗಿಯರ ಮೇಲೆ ನನಗೆ ಯಾಕೆ ಸಿಟ್ಟು ಬರಲಿಲ್ಲ ಅನ್ನುವುದು ಗೊತ್ತಾಗುವುದಿಲ್ಲ.

ನಾನು ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ಹದಿನೆಂಟು ವರ್ಷ ಷರ್ಟು ಹೊಲಿದವಳು. ಷರ್ಟು ಅಂದರೆ ಪೂರ್ತಿ ಷರ್ಟಲ್ಲ, ಕಾಲರು ಮಾತ್ರ. ಅಲ್ಲಿ ಮಿಷನ್ನುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದು ಸಾಲಿಗೆ ಒಂದು ಬ್ಯಾಚ್ ಅನ್ನುತ್ತಾರೆ. ಒಬ್ಬಳು ತೋಳು ಹೊಲಿದು ಮುಂದಿನವಳಿಗೆ ಕೊಡುತ್ತಾಳೆ, ಅವಳು ಕಾಲರು ಹಾಕಿ ಅದರ ಮುಂದಿನವಳಿಗೆ ಕೊಡುತ್ತಾಳೆ. ಟೈಲರ್‌ಗಳ ಪಕ್ಕ ಹೆಲ್ಪರ್ ಹುಡುಗಿಯರು ದಾರ ಕತ್ತರಿಸುತ್ತಾ ನಿಂತಿರುತ್ತಾರೆ. ಹೆಲ್ಪರ್‌ಗೆ ಯಾರೂ ಟ್ರೇನಿಂಗ್ ಕೊಡುವುದಿಲ್ಲ. ಪಕ್ಕದ ಮಿಷನ್ನಿನವಳ ಕೈ ನೋಡಿ ನೋಡಿ ಕಲಿಯಬೇಕು. ಊಟದ ಹೊತ್ತಿನಲ್ಲಿ ವೇಸ್ಟ್ ಬಟ್ಟೆ ತಂದು ಹೊಲಿದು ತೋರಿಸಬೇಕು. ನಾನು ಹಾಗೇ ಕಲಿತದ್ದು. ನನ್ನ ಪಕ್ಕ ನಿಂತ ಹೆಲ್ಪರೂ ಹಾಗೇ ಕಲಿಯುತ್ತಿದ್ದಳು.

ಫಾರಿನ್ನಿಂದ ಬಟ್ಟೆ ಕೊಳ್ಳುವವರು ನೋಡಲು ಬರುತ್ತಾರೆ ಅಂದಾಗ ಫ್ಲೋರ್ ಇನ್‌ಚಾರ್ಜ್ ಒಂದು ಉಪಾಯ ಮಾಡಿದ. ಆರೂ ಬ್ಯಾಚಿನ ಒಳ್ಳೆಯ ಟೈಲರ್‌ಗಳನ್ನು ಎತ್ತಿ ಬಾಗಿಲ ಹತ್ತಿರದ ಒಂದೇ ಬ್ಯಾಚಿಗೆ ಕೂರಿಸಿದ. ನನ್ನನ್ನೂ ಕರೆದ. ನಾನು ಹಿಂದೆ ತಿರುಗಿ ನೋಡದೆ ಹೋದೆ. ತಲೆ ಮೇಲೆ ಫ್ಯಾನು, ಒಳ್ಳೆಯ ಮಿಷನ್ನು, ಹಿಂದಿನವಳಿಂದ ತಪ್ಪಿಲ್ಲದ ತೋಳು ಬರುತ್ತಿತ್ತು. ಅಷ್ಟು ಸಲೀಸಾಗಿ ಕಾಲರು ಹಾಕಿದ್ದು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಬಂದವರು ತಲೆ ಆಡಿಸಿ ಹೋದರು. ನಮ್ಮನ್ನು ವಾಪಸ್ ಕಳಿಸಲಿಲ್ಲ, ಆ ಬ್ಯಾಚ್ ಹಾಗೇ ಉಳಿಯಿತು. ಅತ್ತ ನನ್ನ ಹಳೆಯ ಮಿಷನ್ನಿಗೆ ನನ್ನ ಹೆಲ್ಪರ್ ಹುಡುಗಿಯನ್ನು ಕೂರಿಸಿದ್ದರು. ಅರ್ಧಂಬರ್ಧ ಕಲಿತವಳು. ಕಾಲರಿನ ಎರಡು ಮೂಲೆ ಒಂದೇ ಸಮ ಬರಲಿಲ್ಲ. ಕೇಳೋಣ ಅಂದರೆ ಪಕ್ಕದಲ್ಲಿ ಬಲ್ಲವರು ಯಾರೂ ಇಲ್ಲ. ಒಂದು ವಾರ ಬೈಸಿಕೊಂಡು ಮತ್ತೆ ದಾರ ಕತ್ತರಿಸಲು ಹೋದಳು. ನಾನು ಹೋದ ಬ್ಯಾಚಿಗೆ ಒಳ್ಳೆಯದಾಯಿತು. ಮಿಕ್ಕ ಐದು ಬ್ಯಾಚು ವರ್ಷಗಟ್ಟಲೆ ಕುಂಟಿದವು. ಇದನ್ನು ನಾನು ಆಗ ಯೋಚಿಸಲಿಲ್ಲ. ಕೋರ್ಟಿನಲ್ಲಿ ನಾಲ್ಕು ಹುಡುಗಿಯರು ಸುಮ್ಮನೆ ಬಾಲು ಕುಟ್ಟುತ್ತಾ ನಿಂತದ್ದು ಕಂಡಾಗ ಯೋಚನೆ ಬಂತು.

ಆ ಹೆಲ್ಪರ್‌ಗೆ ಒಬ್ಬಳು ಮಗಳಿದ್ದಾಳೆ. ವಿಜಯನಗರದ ಮಾರ್ಕೆಟ್ಟಿನಲ್ಲಿ ಸಿಕ್ಕಾಗ "ಸ್ಕೂಲಲ್ಲಿ ಥ್ರೋಬಾಲ್ ಆಡ್ತಾಳೆ ಅಕ್ಕಾ, ಟೀಮಿಗೆ ಇವಳೇ ಕ್ಯಾಪ್ಟನ್" ಅಂತ ಹೇಳಿಕೊಂಡಿದ್ದಳು. ಕೋಚ್ ಹೇಳಿದ ಮಾರನೇ ದಿನವೇ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಕೆಳಗೆ ಲೇತ್ ಮಿಷನ್ನಿನ ಶಾಪು, ಮೇಲೆ ಅವರ ಮನೆ.

"ಅಯ್ಯೋ ಅಕ್ಕಾ, ಹೇಳದೆ ಕೇಳದೆ ಬಂದ್ಬಿಟ್ರಲ್ಲಾ! ಏನ್ ಸಮಾಚಾರ?"

"ನಿನ್ನ ಮಗಳನ್ನ ಕೊಡು."

"ಇನ್ನೂ ಒಂಬತ್ತನೇ ಕ್ಲಾಸು ಅಕ್ಕಾ! ಯಾರಿಗೆ ಹೆಣ್ಣು ನೋಡ್ತಿದೀರಾ?"

"ಥೂ, ಮದುವೆಗಲ್ಲ ಕಣೇ. ಆಟಕ್ಕೆ."

ಹುಡುಗಿ ಅಡುಗೆಮನೆಯಿಂದ ಇಣುಕಿದಳು. ಸಣ್ಣ ದೇಹ, ಕೈ ಮಾತ್ರ ಮೊಣಕಾಲಿನ ಹತ್ತಿರ ಬರುವಷ್ಟು ಉದ್ದ. ನಾನು ಎಲ್ಲ ಹೇಳಿದೆ. ತಾಯಿ ಕೇಳಿಸಿಕೊಂಡು ಮೊದಲು ಚಡ್ಡಿಯ ವಿಷಯ ತೆಗೆದಳು. ತೊಡೆ ಕಾಣುವ ಚಡ್ಡಿ ಹಾಕಿಸುವುದಿಲ್ಲ. ಏಳೂವರೆಗೆ ಮನೆಯಲ್ಲಿರಬೇಕು. ಎರಡಕ್ಕೂ ಒಪ್ಪಿದೆ. ಆಮೇಲೆ ಅವಳು ನನ್ನ ಮುಖ ನೋಡಿ ಇನ್ನೊಂದು ಹೇಳಿದಳು.

"ಯಾರೋ ಬಿಟ್ಟು ಹೋದ ಜಾಗಕ್ಕೆ ಕರೀತಿದೀರಿ. ಅವತ್ತು ನನ್ನನ್ನ ನಿಮ್ಮ ಮಿಷನ್ನಿಗೆ ಕೂರಿಸಿದ್ರಲ್ಲ, ಹಂಗಾಗ್ಬಾರ್ದು ಅಕ್ಕಾ. ಪಕ್ಕದಲ್ಲಿ ನಿಂತು ಹೇಳಿಕೊಡೋರು ಇರ್ಬೇಕು."

ಇಷ್ಟು ವರ್ಷದಲ್ಲಿ ಆ ಮಾತನ್ನು ಅವಳು ಎತ್ತಿದ್ದು ಅದೇ ಮೊದಲು. "ಇರ್ತಾರೆ," ಅಂದೆ.

ಅಂದೇ ಮೊಮ್ಮಗಳಿಗೆ ಹೇಳಿದೆ: "ಅವಳಿಗೆ ಆಟ ಕಲಿಸೋದು ನಿನ್ನ ಕೆಲಸ. ನಗಬೇಡ, ಬೈಬೇಡ."

ಮೊದಲ ದಿನವೇ ಎಲ್ಲರೂ ನಕ್ಕರು. ಥ್ರೋಬಾಲಿನಲ್ಲಿ ಬಾಲು ಹಿಡಿದ ಮೇಲೆ ಹೆಜ್ಜೆ ಎತ್ತಬಾರದು. ಎರಡು ಕೈಯಲ್ಲಿ ಹಿಡಿಯಬೇಕು, ತಡಮಾಡದೆ ಒಂದು ಕೈಯಲ್ಲಿ ತಲೆ ಮೇಲಿಂದ ನೆಟ್ಟಿನ ಆಚೆಗೆ ಎಸೆಯಬೇಕು. ನಮ್ಮ ಕಡೆಯ ಶಾಲೆಯ ಹುಡುಗಿಯರಿಗೆಲ್ಲ ಅದೇ ರೂಢಿ. ಇವಳು ಬಾಲು ಸಿಕ್ಕಿದೊಡನೆ ಲೈಟು ಕಂಬದ ಹಾಗೆ ನಿಂತುಬಿಟ್ಟಳು.

"ಓಡೇ! ಬಾಲ್ ಕುಟ್ಕೊಂಡು ಓಡು!" ಅಂತ ನಮ್ಮವಳು ಕೂಗಿದಳು.

ಗಾಬರಿಯಲ್ಲಿ ಅವಳು ಎಸೆದಳು. ಬಾಲು ಬುಟ್ಟಿ ದಾಟಿ, ಅದರ ಹಿಂದಿನ ಹಲಗೆ ದಾಟಿ, ಪಕ್ಕದ ಮನೆಯ ತಾರಸಿಯಲ್ಲಿ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ಆ ಮನೆಯಾಕೆ ತಾರಸಿಗೆ ಬಂದು, "ಯಾವಳೇ ಅವಳು, ನಿಮ್ಮಪ್ಪನ ಮನೆ ಸಂಡಿಗೇನಾ?" ಅಂತ ಬೈದರು. ಹುಡುಗಿ ಮೆಟ್ಟಿಲು ಹತ್ತಿ ಹೋಗಿ, ಚದುರಿದ ಸಂಡಿಗೆಯನ್ನೆಲ್ಲ ಮತ್ತೆ ಜೋಡಿಸಿಕೊಟ್ಟು ಬಾಲು ತಂದಳು. ಅವಳು ಉಳಿಯುತ್ತಾಳೆ ಅಂತ ನನಗೆ ಅನ್ನಿಸಿದ್ದು ಆಗಲೇ.

ಮೂರು ವಾರ ನಮ್ಮವಳು ಅವಳ ಪಕ್ಕ ಬಿಡಲಿಲ್ಲ. ಬಾಲು ಕುಟ್ಟುವುದು ಸುಮಾರಾಗಿ ಬಂತು. ಎಸೆಯುವ ರೂಢಿ ಮಾತ್ರ ಹೋಗಲಿಲ್ಲ. ಕೋಚ್ ತಲೆ ಚಚ್ಚಿಕೊಂಡರು. ನಾನು ಮನೆಯ ಮಿಷನ್ನಿನಲ್ಲಿ ಐವರಿಗೂ ಮೊಣಕಾಲಿನ ಕೆಳಗೆ ಬರುವ ಚಡ್ಡಿ ಹೊಲಿದೆ. ಒಬ್ಬಳಿಗೆ ಮಾತ್ರ ಉದ್ದವಿದ್ದರೆ ಅವಳೊಬ್ಬಳೇ ಬೇರೆಯಾಗಿ ಕಾಣುತ್ತಾಳೆ. ಮೊಮ್ಮಗಳು ಹಾಕಿಕೊಂಡು ಕನ್ನಡಿ ನೋಡಿ, "ಅಜ್ಜಿ, ಇದು ತಾತನ ಪೈಜಾಮ ಥರ ಇದೆ," ಅಂದಳು. "ತಾತ ಪೈಜಾಮ ಹಾಕ್ತಿರ್ಲಿಲ್ಲ. ಓಡೋಕೆ ತೊಡರುತ್ತಾ, ಅಷ್ಟು ಹೇಳು," ಅಂದೆ. ತೊಡರುವುದಿಲ್ಲ ಅಂದಳು. ಅಲ್ಲಿಗೆ ಮುಗಿಯಿತು.

ಟೂರ್ನಮೆಂಟು ಬಸವೇಶ್ವರನಗರದಲ್ಲಿ ನಡೆಯಿತು. ನಮ್ಮವರ ಮ್ಯಾಚಿಗೆ ಮುಂಚೆ ಆ ದೊಡ್ಡ ಕ್ಲಬ್ಬಿನ ಒಂದು ಮ್ಯಾಚು ನೋಡಿದೆ. ಇದ್ದದ್ದು ಇದ್ದ ಹಾಗೆ ಹೇಳಬೇಕು, ಅವರ ಆಟ ನೋಡಲು ಬಹಳ ಚಂದ. ಒಬ್ಬಳು ಬಾಲು ಕೊಡುವ ಮುಂಚೆಯೇ ಇನ್ನೊಬ್ಬಳು ಬಂದು ನಿಂತಿರುತ್ತಾಳೆ. ನಮ್ಮ ಬಾಗಿಲ ಹತ್ತಿರದ ಬ್ಯಾಚಿನ ಹಾಗೆಯೇ, ಎಲ್ಲೂ ತಡೆಯುವುದಿಲ್ಲ. "ಒಳ್ಳೆಯವರ ಜೊತೆ ಆಡಿದ್ರೆ ಒಳ್ಳೆಯವರು ಇನ್ನೂ ಮೇಲೆ ಹೋಗ್ತಾರೆ ಅಮ್ಮಾ. ಸ್ಟೇಟ್ ಲೆವೆಲ್ಲಿಗೆ ಇಂಥ ಟೀಮೂ ಬೇಕು," ಅಂದರು ಕೋಚ್. ಇರಬಹುದು. ಆದರೆ ಎದುರಿನ ಟೀಮಿಗೆ ಬುಟ್ಟಿಯ ಹತ್ತಿರ ಹೋಗಲೂ ಆಗಲಿಲ್ಲ. ಮೊದಲ ಕಾಲು ಭಾಗ ಮುಗಿಯುವ ಹೊತ್ತಿಗೆ ನೋಡುವವರು ಎದ್ದು ಬೈಟು ಕಾಫಿಗೆ ಹೋದರು. ಆ ಸೋಲುವ ಹುಡುಗಿಯರ ತಾಯಂದಿರು ಮಾತ್ರ ಕೂತಿದ್ದರು.

ಇನ್ನೊಂದು ಕಂಡಿತು. ಹನ್ನೆರಡು ಜನರಲ್ಲಿ ಆಡಿದವರು ಏಳೆಂಟು ಮಂದಿ. ಉಳಿದವರು ಅದೇ ಒಳ್ಳೆಯ ಶೂಸು ಹಾಕಿಕೊಂಡು ಕುರ್ಚಿಯ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಉದ್ದನೆಯ ಹುಡುಗಿ ಅವರಲ್ಲಿದ್ದಳು. ನಮ್ಮಲ್ಲಿ ಅವಳೇ ಎತ್ತರ. ಅಲ್ಲಿ ಅವಳಿಗಿಂತ ಎತ್ತರದವರು ಮೂವರಿದ್ದರು. ನನ್ನನ್ನು ಕಂಡು ಹತ್ತಿರ ಬಂದಳು.

"ಚೆನ್ನಾಗಿದೀರಾ ಅಜ್ಜಿ?"

"ನಾನು ಚೆನ್ನಾಗಿದೀನಿ. ನೀನ್ಯಾಕೆ ಕೂತಿದೀಯಾ?"

"ರೊಟೇಷನ್ ಅಜ್ಜಿ. ಒಬ್ಬೊಬ್ರನ್ನೇ ಇಳಿಸ್ತಾರೆ."

"ನಿನ್ನ ಸರದಿ ಯಾವಾಗ?"

ಅವಳಿಗೆ ಕಣ್ಣು ತುಂಬಿತು. ಹಾಗೆ ಕೇಳಬಾರದಿತ್ತೇನೋ. ಡಬ್ಬಿಯಲ್ಲಿದ್ದ ಕೊಬ್ಬರಿ ಮಿಠಾಯಿ ಕೊಟ್ಟೆ, ತೆಗೆದುಕೊಂಡು ಹೋದಳು.

ಮಧ್ಯಾಹ್ನ ನಮ್ಮವರ ಎದುರು ಅವರೇ. ನಮ್ಮ ಐವರ ಚಡ್ಡಿ ನೋಡಿ ಆ ಕಡೆಯ ಕುರ್ಚಿಗಳಿಂದ ಕಿಸಕ್ ಅಂತ ನಗು ಬಂತು. ಆಟ ಶುರುವಾದ ಕೂಡಲೇ ಅವರು ಹಾಕಿದರು, ಮತ್ತೆ ಹಾಕಿದರು. ಮೂರನೇ ಸಲ ಬಾಲು ಬುಟ್ಟಿಯ ಅಂಚಿಗೆ ಬಡಿದು ವಾಪಸ್ ಬಂತು. ಅವರ ಐವರೂ ಬುಟ್ಟಿಯ ಕೆಳಗೇ ಇದ್ದರು. ಎಲ್ಲರೂ ಹಾಕುವವರೇ, ಹಿಂದೆ ನಿಲ್ಲುವ ರೂಢಿ ಯಾರಿಗೂ ಇಲ್ಲ. ಬಾಲು ನಮ್ಮ ಥ್ರೋಬಾಲ್ ಹುಡುಗಿಯ ಕೈಗೆ ಸಿಕ್ಕಿತು. ಸುತ್ತ ಅಷ್ಟು ಜನ ಮುತ್ತಿಕೊಂಡಾಗ ಅವಳಿಗೆ ಕಲಿಸಿದ್ದೆಲ್ಲ ಮರೆತುಹೋಯಿತು. ನಿಂತುಬಿಟ್ಟಳು.

"ಡ್ರಿಬಲ್! ಕುಟ್ಕೊಂಡು ಓಡು!" ಅಂತ ಕೋಚ್ ಅರಚಿದರು.

ಅವಳು ತಲೆ ಮೇಲಿಂದ ಒಂದು ಕೈಯಲ್ಲಿ ಬೀಸಿ ಎಸೆದಳು. ಬಾಲು ಎಲ್ಲರ ತಲೆ ದಾಟಿ ಆ ತುದಿಗೆ ಹೋಯಿತು. ಮೂರು ವಾರ ಅವಳ ಪಕ್ಕ ನಿಂತಿದ್ದವಳಿಗೆ ಅವಳು ಹೀಗೇ ಮಾಡುತ್ತಾಳೆ ಅಂತ ಗೊತ್ತಲ್ಲ. ನಮ್ಮವಳು ಆಗಲೇ ಓಡುತ್ತಿದ್ದಳು. ಆ ತುದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿಡಿದಳು, ಹಾಕಿದಳು.

ಕೋಚ್ ಬಾಯಿ ಮುಚ್ಚಿಕೊಂಡರು. ಮುಂದಿನ ಸಲ ಅವರೇ, "ಎಸಿ, ಎಸಿ!" ಅಂದರು.

ಅರ್ಧ ಆಟದವರೆಗೆ ಹಾಗೆ ನಾಲ್ಕೈದು ಸಲ ಆಯಿತು. ನೋಡುವವರು ಕಾಫಿಗೆ ಏಳಲಿಲ್ಲ. ನನಗೆ ಗೊತ್ತಿಲ್ಲದವರೆಲ್ಲ, "ಹಾಕಮ್ಮಾ ಪೈಜಾಮ!" ಅಂತ ನಮ್ಮವಳಿಗೆ ಕೂಗುತ್ತಿದ್ದರು. ಆಮೇಲೆ ಅವರ ಕೋಚ್ ಒಬ್ಬಳನ್ನು ಹಿಂದೆ ನಿಲ್ಲಿಸಿದರು, ನಮ್ಮ ಆಟ ನಿಂತಿತು. ನಮ್ಮಲ್ಲಿ ಬದಲಿ ಇಳಿಯುವವರಿರಲಿಲ್ಲ, ಐವರಿಗೂ ನಾಲಿಗೆ ಹೊರಬಂದಿತ್ತು. ಸೋತರು. ಸ್ವಲ್ಪದರಲ್ಲಿ ಸೋತರು ಅಂತ ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಸೋತರು. ಆದರೆ ಕೊನೆಯ ಸೀಟಿಯವರೆಗೆ ಐವರೂ ಕೋರ್ಟಿನ ಒಳಗಿದ್ದರು. ಟೀಮು ಇಳಿಯಿತು, ಆಡಿತು ಅಂತ ಕಾಗದದ ಮೇಲೆ ಬಂತು. ಕಮಿಟಿಯವರು ಆರರಿಂದ ಏಳರ ಟೈಮನ್ನು ಹುಡುಗಿಯರಿಗೇ ಬಿಟ್ಟರು, ಐದು ಜನ ಇರುವ ತನಕ ಅಂತ ಹೇಳಿ.

ಬಸ್ಸಿನಲ್ಲಿ ಬರುವಾಗ ಮೊಮ್ಮಗಳು ಕೇಳಿದಳು, "ಈಗ ಹೇಳು ಅಜ್ಜಿ, ಅವರು ಹಂಗೆ ಟೀಮ್ ಕಟ್ಟೋದು ಫೇರಾ?"

"ಆಡೋಳಿಗೆ ಫೇರು. ಕೂರೋಳಿಗೆ ಅಲ್ಲ. ಅವಳು ಬಿಟ್ಟು ಬಂದ ಜಾಗದಲ್ಲಿ ಕಲೀತಿದ್ದೋಳಿಗೆ ಮೊದಲೇ ಅಲ್ಲ," ಅಂದೆ.

ವಿಷಯ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹದಿನೈದು ದಿನಕ್ಕೆ ಥ್ರೋಬಾಲ್ ಹುಡುಗಿಯ ತಾಯಿ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಆ ದೊಡ್ಡ ಕ್ಲಬ್ಬಿನವರು ಫೋನ್ ಮಾಡಿದ್ದರು. ಹುಡುಗಿಯ ಕೈ ಚೆನ್ನಾಗಿದೆ, ಕಳಿಸಿ, ಶೂಸು ನಮ್ಮದು, ವ್ಯಾನು ನಮ್ಮದು ಅಂದಿದ್ದರು. ಅವಳು ಹೋದರೆ ನಾವು ಮತ್ತೆ ನಾಲ್ವರು. ಮೊಮ್ಮಗಳು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

"ಏನ್ ಮಾಡ್ಲಿ ಅಕ್ಕಾ? ನೀವೇ ಹೇಳಿ," ಅಂದಳು ತಾಯಿ.

ಬೇಡ ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಕೇಳುತ್ತಿದ್ದವಳು ಯಾರು? ನಾನು ಎದ್ದು ಹೋದ ಮಿಷನ್ನಿನಲ್ಲಿ ಕೂತು ಬೈಸಿಕೊಂಡವಳು. ಅವಳ ಮಗಳಿಗೆ ಒಂದು ಒಳ್ಳೆಯದು ಬಂದಾಗ ನನ್ನ ಮೊಮ್ಮಗಳ ಟೀಮಿಗಾಗಿ ಅದನ್ನು ತಪ್ಪಿಸಿದರೆ ನಾನು ಎಂಥವಳು?

"ಹೋಗ್ಬೋದು," ಅಂದೆ. "ನನ್ನನ್ನ ಕರೆದಾಗ ನಾನು ಹೋದೆ. ಇವಳು ಹೋದ್ರೆ ತಪ್ಪಿಲ್ಲ. ಆದ್ರೆ ಕರೆಯೋರು ಏನಕ್ಕೆ ಕರೀತಿದಾರೆ ಅಂತ ಮೊದಲು ಕೇಳಿ. ಆಡಿಸೋಕಾ, ಕೂರಿಸೋಕಾ? ಅವರ ಹತ್ರ ಇರೋ ಕುರ್ಚಿ ನಾನು ನೋಡಿದೀನಿ."

ಮೊಮ್ಮಗಳು ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿ ಒಳಗೆ ಹೋದಳು.

ಹುಡುಗಿ ತಾಯಿಯ ಕಡೆ ಕೈ ಚಾಚಿದಳು. "ಅಮ್ಮಾ, ಫೋನ್ ಕೊಡು," ಅಂದಳು. ಬಂದಿದ್ದ ನಂಬರಿಗೆ ತಾನೇ ಮಾಡಿ, ಸ್ಪೀಕರ್ ಹಾಕಿದಳು. ಆ ಕಡೆಯಿಂದ ಅವರ ಕೋಚ್ ಮಾತಾಡಿದರು.

"ಸಾರ್, ನಾನು ಬಂದ್ರೆ ಮೊದಲ ಐದು ಜನದಲ್ಲಿ ಇರ್ತೀನಾ?"

"ಏನಮ್ಮಾ, ಬರೋಕ್ ಮುಂಚೆನೇ!" ಅಂತ ನಕ್ಕರು. "ನಮ್ಮಲ್ಲಿ ಎಲ್ರೂ ಟಾಪ್ ಪ್ಲೇಯರ್ಸೇ. ಒಂದ್ ವರ್ಷ ಜೊತೇಲಿದ್ದು ಕಲಿ. ಆಮೇಲೆ ನೋಡೋಣ."

"ಆ ವರ್ಷ ಮ್ಯಾಚ್ ಆಡಿಸ್ತೀರಾ ಸಾರ್?"

"ಅದನ್ನ ಈಗಲೇ ಹೇಳೋಕಾಗಲ್ಲ."

"ಹಂಗಾದ್ರೆ ಒಂದ್ ವರ್ಷ ಇಲ್ಲೇ ಆಡಿ ಕಲೀತೀನಿ ಸಾರ್. ಆಮೇಲೆ ಫೋನ್ ಮಾಡಿ," ಅಂದು ಇಟ್ಟುಬಿಟ್ಟಳು.

ತಾಯಿ ಹಣೆ ಚಚ್ಚಿಕೊಂಡಳು. "ನೋಡಿದ್ರಾ ಅಕ್ಕಾ ಇವಳ ಬಾಯಿ! ದೊಡ್ಡೋರ ಹತ್ರ ಹಿಂಗಾ ಮಾತಾಡೋದು?" ಅಂದಳು. ಅನ್ನುತ್ತಲೇ ನಗುತ್ತಿದ್ದಳು.

ಒಂದು ವರ್ಷ ಆದ ಮೇಲೆ ಅವರು ಮತ್ತೆ ಕರೆಯಬಹುದು, ಇವಳು ಹೋಗಲೂಬಹುದು. ಹೋಗಲಿ. ಅಷ್ಟರಲ್ಲಿ ಇವಳ ಪಕ್ಕ ನಿಂತು ಇಬ್ಬರು ಕಲಿತಿದ್ದರೆ ಸಾಕು ಅಂದುಕೊಂಡೆ. ಇವಳ ಶಾಲೆಯ ಇಬ್ಬರು ಆಗಲೇ ಕೋರ್ಟಿಗೆ ಬಂದು ಬೇಲಿ ಹಿಡಿದು ನೋಡಿ ಹೋಗಿದ್ದರು. ಅದನ್ನು ಹೇಳೋಣ ಅಂತ ಮೊಮ್ಮಗಳನ್ನು ಕರೆದೆ. ಅವಳು ಬಾಗಿಲ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು, ಶೂಸು ಹಾಕಿಕೊಂಡೇ ಹೊರಗೆ ಬಂದಳು.

"ಆರಾಗ್ತಾ ಬಂತು ಕಣೇ, ಎದ್ದೇಳು," ಅಂತ ಆ ಹುಡುಗಿಯ ಕೈ ಹಿಡಿದು ಎಳೆದಳು. ಇಬ್ಬರೂ ನನಗಾಗಿ ಕಾಯದೆ ಮೆಟ್ಟಿಲು ಇಳಿದು ಓಡಿದರು.